ಸಿಸ್ಟರ್‌ಗಳು ಯಾಕೆ ಕೆಲಸ ಬಿಡುತ್ತಾರೆ? ರಾಜೀನಾಮೆ ಬರುವ ಮೊದಲೇ ಕಾರಣ ಹಿಡಿದು ಸರಿಪಡಿಸುವ ಬಗೆ

ರಾಜೀನಾಮೆ ಪತ್ರದಲ್ಲಿ ನಿಜವಾದ ಕಾರಣ ಇರುವುದಿಲ್ಲ. ‘ವೈಯಕ್ತಿಕ ಕಾರಣಗಳಿಂದ’ ಎಂಬ ಒಂದು ಸಾಲು, ಕೆಳಗೊಂದು ಸಹಿ, ಅಷ್ಟೇ. ಅನುಭವ ಪ್ರಮಾಣಪತ್ರ ಅದೇ ಆಡಳಿತದ ಕೈಯಿಂದ ಬರಬೇಕಾಗಿರುವಾಗ ಯಾವ ಸಿಸ್ಟರ್ ತಾನೇ ಉಳಿದದ್ದನ್ನು ಬರೆದಾರು? ನಿಜವಾದ ಕಾರಣ ಸಿಗುವುದು ಡ್ಯೂಟಿ ಪಟ್ಟಿಯಲ್ಲಿ, ವಾಪಸ್ ಕಳಿಸಿದ ರಜೆ ಅರ್ಜಿಗಳಲ್ಲಿ, ಬೇಲೂರಿಗೆ ಹೊರಡುವ ಸಂಜೆಯ ಬಸ್ಸಿನ ವೇಳೆಯಲ್ಲಿ.

ಹಾಸನ, ಅರಸೀಕೆರೆ, ಸಕಲೇಶಪುರ, ಚಿಕ್ಕಮಗಳೂರು, ಕಡೂರಿನಂಥ ಊರುಗಳಲ್ಲಿ 30ರಿಂದ 100 ಬೆಡ್‌ನ ಆಸ್ಪತ್ರೆ ನಡೆಸುವವರಿಗೆ, ಅಲ್ಲಿನ ನರ್ಸಿಂಗ್ ಸೂಪರಿಂಟೆಂಡೆಂಟ್ ಮತ್ತು ಇನ್‌ಚಾರ್ಜ್ ಸಿಸ್ಟರ್‌ಗಳಿಗೆ ಈ ಬರಹ. ಸರ್ಕಾರಿ ಆಸ್ಪತ್ರೆಯ ವಾರ್ಡ್ ಇನ್‌ಚಾರ್ಜ್‌ಗಳಿಗೂ ಇದರಲ್ಲಿ ಅರ್ಧದಷ್ಟು ಉಪಯೋಗಕ್ಕೆ ಬರುತ್ತದೆ. ಹೊಸಬರನ್ನು ಹುಡುಕುವುದಕ್ಕಿಂತ ಇರುವವರನ್ನು ಉಳಿಸಿಕೊಳ್ಳುವ ಕೆಲಸ ಮೊದಲು ಆಗಬೇಕು. ಬಿಟ್ಟು ಹೋಗುವ ಕಾರಣ ಹಾಗೇ ಉಳಿದಿದ್ದರೆ ಹೊಸಬರೂ ಅದೇ ಬಾಗಿಲಿನಿಂದ ಹೊರಗೆ ಹೋಗುತ್ತಾರೆ.

ಮೊದಲು ಮೂರು ತಿಂಗಳ ಡ್ಯೂಟಿ ಪಟ್ಟಿ ತೆಗೆಯಿರಿ

ಯಾರನ್ನೂ ಕರೆದು ಕೇಳುವ ಮೊದಲು ಒಂದು ಕೆಂಪು ಪೆನ್ನು ಹಿಡಿದು ಕಳೆದ ಮೂರು ತಿಂಗಳ ಪಟ್ಟಿಗಳ ಮುಂದೆ ಕೂತುಕೊಳ್ಳಿ. ಗೋಡೆಗೆ ಅಂಟಿಸಿದ ಅಚ್ಚುಕಟ್ಟಾದ ಪಟ್ಟಿ ಬೇಡ, ತಿದ್ದಿ ತೀಡಿ ಕೊನೆಗೆ ನಿಜವಾಗಿ ನಡೆದ ಪಟ್ಟಿ ಬೇಕು. ಮಧ್ಯಾಹ್ನದ ಪಾಳಿ ಮುಗಿಸಿದವರಿಗೆ ಮಾರನೇ ದಿನವೇ ಬೆಳಗಿನ ಪಾಳಿ ಬಿದ್ದಿದ್ದರೆ ಒಂದು ಗುರುತು ಹಾಕಿ. ರಾತ್ರಿ ಪಾಳಿ ಮುಗಿಸಿ ಹೊರಬಂದ ದಿನವನ್ನೇ ವಾರದ ರಜೆ ಎಂದು ಬರೆದಿದ್ದರೆ ಇನ್ನೊಂದು. ಪಟ್ಟಿ ಹಾಕಿದ ಮೇಲೆ ಬದಲಾದ ಪ್ರತಿ ಪಾಳಿಗೆ, ಸತತ ಎರಡು ಪಾಳಿ ಮಾಡಿದ ಪ್ರತಿ ದಿನಕ್ಕೆ, ಕೇಳಿಯೂ ಸಿಗದ ಪ್ರತಿ ರಜೆಗೆ ಒಂದೊಂದು. ಆಮೇಲೆ ಹೆಸರಿಗೆ ಎಷ್ಟು ಗುರುತು ಬಿದ್ದಿವೆ ಎಂದು ಎಣಿಸಿ.

ಗುರುತು ಎಲ್ಲರಿಗೂ ಸಮನಾಗಿ ಹಂಚಿರುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ಹೆಸರುಗಳ ಮೇಲೆ ರಾಶಿ ಬಿದ್ದಿರುತ್ತದೆ. ಹಾಸ್ಟೆಲಿನಲ್ಲಿರುವ, ಮದುವೆಯಾಗದ, ಕರೆದರೆ ‘ಆಗಲ್ಲ’ ಅನ್ನದ ಹುಡುಗಿಯರ ಹೆಸರುಗಳವು. ‘ಒಳ್ಳೆ ಹುಡುಗಿ, ಎಷ್ಟು ಹೇಳಿದರೂ ಮಾಡುತ್ತಾಳೆ’ ಎಂದು ನೀವು ಹೊಗಳುತ್ತಿರುವವರೇ ಮೊದಲು ಹೋಗುತ್ತಾರೆ. ನೀವು ಮೊದಲು ಕೂತು ಮಾತಾಡಬೇಕಾದವರೂ ಅವರೇ.

ರಜೆ ಸಿಗದಿರುವುದು ಲೆಕ್ಕದ ತಪ್ಪು

ಸಿಸ್ಟರ್‌ಗಳ ದೂರುಗಳಲ್ಲಿ ಮೊದಲು ಕೇಳಿಬರುವುದು ‘ರಜೆ ಕೊಡಲ್ಲ’ ಎಂಬ ಮಾತು. ಇನ್‌ಚಾರ್ಜ್‌ಗೆ ಮನಸ್ಸಿಲ್ಲ ಎಂದು ಎಲ್ಲರೂ ತಿಳಿಯುತ್ತಾರೆ. ಅವರ ಕೈಯಲ್ಲಿ ಕೊಡಲು ಜನವೇ ಇರುವುದಿಲ್ಲ. ಇದನ್ನು ಕಾಗದದ ಮೇಲೆ ಮಾಡಿ ನೋಡಿ.

30 ಬೆಡ್‌ನ ಒಂದು ಜನರಲ್ ವಾರ್ಡ್ ಎಂದುಕೊಳ್ಳಿ. ಬೆಳಿಗ್ಗೆ 8ರಿಂದ ಮಧ್ಯಾಹ್ನ 2ರವರೆಗೆ ಮೂವರು, 2ರಿಂದ ರಾತ್ರಿ 8ರವರೆಗೆ ಮೂವರು, ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಇಬ್ಬರು. ಗಂಟೆ ಲೆಕ್ಕದಲ್ಲಿ 18, 18, 24. ದಿನಕ್ಕೆ 60, ವಾರಕ್ಕೆ 420. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ 8.75 ಜನ ಬೇಕು. ಹೆಚ್ಚಿನ ಕಡೆ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ: ‘ಒಂಬತ್ತು ಜನ ಸಾಕು, ಸದ್ಯಕ್ಕೆ ಎಂಟರಲ್ಲಿ ನಡೆಸೋಣ.’

ಆದರೆ ಒಬ್ಬರು ವರ್ಷವಿಡೀ ಸಿಗುವುದಿಲ್ಲ. 365 ದಿನದಲ್ಲಿ 52 ವಾರದ ರಜೆ ಹೋದರೆ 313. ಸಾಂದರ್ಭಿಕ ರಜೆ 12, ಅನಾರೋಗ್ಯದ ರಜೆ 12, ಗಳಿಕೆ ರಜೆ 15, ಹಬ್ಬ ಮತ್ತು ರಾಷ್ಟ್ರೀಯ ರಜೆ 10 ಎಂದು ಹಿಡಿದರೆ ಇನ್ನೂ 49 ಕಳೆಯಬೇಕು. ಕೈಗೆ ಸಿಗುವುದು 264 ದಿನ. 8.75ನ್ನು 313ರಿಂದ ಗುಣಿಸಿ 264ರಿಂದ ಭಾಗಿಸಿದರೆ 10.4 ಬರುತ್ತದೆ, ಅಂದರೆ ಕನಿಷ್ಠ 11 ಜನ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ರಜೆಗೆಂದು ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿ ಇರಬೇಕು ಎನ್ನುತ್ತದೆ. ಆ ಲೆಕ್ಕ ಹಿಡಿದರೆ 8.75ಕ್ಕೆ 11.4, ಅಂದರೆ 12. ನಮ್ಮ ಸಲಹೆ 12. ವಾರ್ಡಿನಲ್ಲಿರುವವರಲ್ಲಿ ಹೆಚ್ಚಿನವರು 23ರಿಂದ 32ರ ವಯಸ್ಸಿನ ಹೆಣ್ಣುಮಕ್ಕಳು. ಯಾವ ಹೊತ್ತಿನಲ್ಲಿ ನೋಡಿದರೂ ಒಬ್ಬರು ಹೆರಿಗೆ ರಜೆಯಲ್ಲಿರಬಹುದು. ಕಾನೂನಿನ ಪ್ರಕಾರ ಮೊದಲ ಎರಡು ಮಕ್ಕಳಿಗೆ ಅದು 26 ವಾರ. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯದ ಆಸ್ಪತ್ರೆಯಲ್ಲಿ ಒಬ್ಬರು ಬಸಿರಾದ ಸುದ್ದಿ ಉಳಿದವರಿಗೆ ಶಿಕ್ಷೆಯಾಗಿ ಬಿಡುತ್ತದೆ, ಸಿಹಿ ಹಂಚಬೇಕಾದ ದಿನ ಮುಖ ಗಂಟಿಕ್ಕಿಕೊಳ್ಳುತ್ತಾರೆ.

ಎಂಟೇ ಜನರಿಂದ ಇದೇ ವಾರ್ಡ್ ನಡೆಸಿದರೆ ತಲಾ ವಾರಕ್ಕೆ 52.5 ಗಂಟೆ, ಅದೂ ಯಾರೂ ರಜೆ ಹಾಕದಿದ್ದರೆ. ಒಬ್ಬರಿಗೆ ಜ್ವರ ಬಂದರೆ ಉಳಿದವರಿಗೆ 60. ಇಬ್ಬರು ಇಲ್ಲದಿದ್ದರೆ 70. ಆಗ ಇನ್‌ಚಾರ್ಜ್ ಸಿಸ್ಟರ್ ಮಾಡಬಹುದಾದ ಒಂದೇ ಕೆಲಸವೆಂದರೆ ರಜೆ ಅರ್ಜಿ ತಳ್ಳಿಹಾಕುವುದು.

ಹನ್ನೆರಡು ಜನರನ್ನು ಇಡುವಷ್ಟು ದುಡ್ಡಿಲ್ಲ ಎಂದರೆ ಪ್ರಾಮಾಣಿಕವಾದ ದಾರಿ ಒಂದೇ: ಬೆಡ್ ಕಡಿಮೆ ಮಾಡಿ. ಪಾಳಿಗೆ ಇಬ್ಬರಂತೆ ದಿನಕ್ಕೆ 48 ಗಂಟೆ, ವಾರಕ್ಕೆ 336. ರಜೆ ಸೇರಿಸಿದ ಅದೇ ಲೆಕ್ಕದಲ್ಲಿ ಇದಕ್ಕೆ 8.3 ಜನ ಬೇಕು. ಹಗಲಿನಲ್ಲಿ ಒಬ್ಬ ಸಿಸ್ಟರಿಗೆ 10 ರೋಗಿಗಳಂತೆ ಎಂಟು ಜನ ಅಂದರೆ ಹೆಚ್ಚೆಂದರೆ 20 ಬೆಡ್. 30 ಬೆಡ್ ತೆರೆದಿಟ್ಟು ಎಂಟು ಜನರಿಂದ ದುಡಿಸಿದರೆ ಆ ಹತ್ತು ಬೆಡ್‌ನ ಆದಾಯ ಅವರ ನಿದ್ದೆಯಿಂದ ಬಂದದ್ದು.

ರಾತ್ರಿ ಪಾಳಿ

ಏಳು ರಾತ್ರಿ ಒಂದೇ ಸಮನೆ ಹಾಕುವ ಪದ್ಧತಿ ಇನ್ನೂ ಇದೆ. 12 ಗಂಟೆಯ ಏಳು ರಾತ್ರಿ ಅಂದರೆ ಒಂದೇ ವಾರದಲ್ಲಿ 84 ಗಂಟೆ. ನಾಲ್ಕನೇ ರಾತ್ರಿಯಿಂದಾಚೆಗೆ ಹಗಲು ನಿದ್ದೆ ಸಾಲದೆ ಬಾಕಿ ಬೆಳೆಯುತ್ತದೆ, ಬೆಳಗಿನ ಜಾವ ಮೂರರಿಂದ ಐದರೊಳಗೆ ಔಷಧಿ ತಪ್ಪುವ ಅಪಾಯವೂ ಅದರ ಜೊತೆಗೇ ಬೆಳೆಯುತ್ತದೆ.

ಮೂರು ರಾತ್ರಿ ಒಟ್ಟಿಗೆ ಹಾಕಿ, ಮೇಲೆ ಎರಡು ದಿನ ಬಿಡುವು ಕೊಡಿ. ಸೋಮವಾರ, ಮಂಗಳವಾರ, ಬುಧವಾರ ರಾತ್ರಿ ಮಾಡಿದವರು ಗುರುವಾರ ಬೆಳಿಗ್ಗೆ 8ಕ್ಕೆ ಹೊರಬರುತ್ತಾರೆ. ಗುರುವಾರ ನಿದ್ದೆಯ ದಿನ. ಶುಕ್ರವಾರ ರಜೆಯ ದಿನ. ಶನಿವಾರ ಮಧ್ಯಾಹ್ನ 2ಕ್ಕೆ ಡ್ಯೂಟಿ. ಗುರುವಾರವನ್ನೇ ರಜೆ ಎಂದು ಬರೆದು ಶುಕ್ರವಾರ ಬೆಳಿಗ್ಗೆ ಕರೆಯುವುದು ಮೋಸ. ಕಾಗದದಲ್ಲಿ ಅದು ರಜೆಯಂತೆ ಕಾಣುತ್ತದೆ, ಮೈಗೆ ರಜೆಯಲ್ಲ. 12 ಜನರ ವಾರ್ಡಿನಲ್ಲಿ ನಾಲ್ಕು ವಾರಕ್ಕೆ 56 ರಾತ್ರಿ ಪಾಳಿ ಬರುತ್ತವೆ, ತಲೆಗೆ ನಾಲ್ಕೋ ಐದೋ ರಾತ್ರಿ. ಎಂಟು ಜನರಿದ್ದರೆ ಏಳು.

ಪಾಳಿ ಬದಲಾಗುವಾಗ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಸಾಗಲಿ. ಹಿಮ್ಮುಖವಾಗಿ ಹೋದರೆ ನಿದ್ದೆ ಮುರಿಯುತ್ತದೆ. ರಾತ್ರಿ ಇಬ್ಬರಿದ್ದಾಗ ಸರದಿಯ ಮೇಲೆ ಅರ್ಧ ಗಂಟೆ ಕಣ್ಣು ಮುಚ್ಚಲು ಅನುಮತಿ ಇದೆ ಎಂದು ಬರೆದೇ ಕೊಡಿ. ಬರೆಯದಿದ್ದರೂ ಅದು ನಡೆಯುತ್ತದೆ, ಆದರೆ ಕದ್ದು ನಡೆಯುತ್ತದೆ, ಇಬ್ಬರೂ ಒಟ್ಟಿಗೆ ತೂಕಡಿಸುವುದು ಹಾಗೆ. 28 ದಿನದ ಪಟ್ಟಿಯನ್ನು ಶುರುವಾಗುವ ಹತ್ತು ದಿನ ಮೊದಲೇ ಹಾಕಿ, ಪಾಳಿ ಬದಲಿಗೆ ಒಂದು ಪುಸ್ತಕ ಇಡಿ, ಇಬ್ಬರ ಸಹಿಯಾದರೆ ಸಾಕು ಅನ್ನಿ. ರಾತ್ರಿ ಒಂಬತ್ತರ ಮೇಲೆ ‘ನಾಳೆ ಬೆಳಿಗ್ಗೆ ಬಾಮ್ಮ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಕಳಿಸುವ ಅಭ್ಯಾಸ ಇವತ್ತೇ ನಿಲ್ಲಲಿ.

ಊರಿನ ಪಂಚಾಂಗ, ಬಸ್ಸು, ಮಳೆ

ಬೆಂಗಳೂರಿನ ಯಾವುದೋ ಆಸ್ಪತ್ರೆಯ ನಿಯಮ ಪುಸ್ತಕ ತಂದು ಇಲ್ಲಿ ಹಾಕಿದರೆ ನಡೆಯದಿರುವುದು ಈ ವಿಷಯಗಳಲ್ಲಿ.

ಮಧ್ಯಾಹ್ನದ ಪಾಳಿ 8ಕ್ಕೆ ಮುಗಿದರೂ ಹ್ಯಾಂಡೋವರ್ ಕೊಟ್ಟು ಬಟ್ಟೆ ಬದಲಾಯಿಸಿ ಬಸ್ ಸ್ಟ್ಯಾಂಡ್ ತಲುಪುವಾಗ 8.40. ಹಾಸನದಿಂದ ಬೇಲೂರಿಗೋ ಸಕಲೇಶಪುರಕ್ಕೋ ಸುಮಾರು 40 ಕಿಲೋಮೀಟರ್, ಅಲ್ಲಿಂದ ಒಳಗಿನ ಹಳ್ಳಿಗೆ ಇನ್ನೊಂದು ಗಾಡಿ. ಮನೆ ಸೇರುವುದು ಹತ್ತೂವರೆಗೆ, ಮಾರನೇ ದಿನ ಬೆಳಗಿನ ಪಾಳಿಯಾದರೆ ಐದೂವರೆಗೆ ಎದ್ದು ಹೊರಡಬೇಕು. ಪ್ರತಿಯೊಬ್ಬರ ಹೆಸರಿನ ಮುಂದೆ ಊರು, ಮೊದಲ ಬಸ್ಸಿನ ಹೊತ್ತು, ಕೊನೆಯ ಬಸ್ಸಿನ ಹೊತ್ತು ಬರೆದುಕೊಳ್ಳಿ. ನಾಲ್ಕೈದು ಜನ ಒಂದೇ ಬಸ್ಸಿಗೆ ಓಡುವವರಿದ್ದರೆ ಇಡೀ ವಾರ್ಡಿನ ಪಾಳಿಯನ್ನು 7.30, 1.30, 7.30ಕ್ಕೆ ಸರಿಸಿದರೂ ಆಸ್ಪತ್ರೆಗೇನೂ ನಷ್ಟವಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಉಳಿಯಿತು ನಿಜ. ಕೊಪ್ಪ, ಶೃಂಗೇರಿ ಕಡೆ ಖಾಸಗಿ ಬಸ್ಸನ್ನೇ ನಂಬಿದವರಿಗೆ ಅದೂ ಇಲ್ಲ. ಅವರಿಗೆ ಪ್ರಯಾಣ ಭತ್ಯೆ ಬೇರೆಯಾಗಿಯೇ ಕೊಡಬೇಕು.

ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ತೋಟದ ರಸ್ತೆಗಳಲ್ಲಿ ಆನೆ ಇದೆ ಎಂಬ ಸುದ್ದಿ ಬಂದ ದಿನ ನಸುಕಿನಲ್ಲಿ ಸ್ಕೂಟರ್ ಹತ್ತಿ ಬರಲು ಯಾರಿಗೂ ಹೇಳಬಾರದು. ಆ ಭಾಗದವರಿಗೆ ಹಿಂದಿನ ರಾತ್ರಿ ಉಳಿಯಲು ಹಾಸ್ಟೆಲಿನಲ್ಲಿ ಎರಡು ಮಂಚ ಖಾಲಿ ಇಡಿ. ತಡವಾಗಿ ಬಂದರೆ ಅರ್ಧ ದಿನದ ಸಂಬಳ ಕಡಿಯುವುದಂತೂ ಬೇಡವೇ ಬೇಡ.

ಜನವರಿಯಲ್ಲೇ ಒಂದು ದೊಡ್ಡ ಕ್ಯಾಲೆಂಡರ್ ತೂಗುಹಾಕಿ, ವರ್ಷದಲ್ಲಿ ‘ಈ ಎರಡು ದಿನ ಮಾತ್ರ ನನಗೆ ಬೇಕೇ ಬೇಕು’ ಅನ್ನುವುದನ್ನು ಪ್ರತಿಯೊಬ್ಬರೂ ಗುರುತಿಸಲಿ. ಒಬ್ಬರಿಗೆ ಗೌರಿ ಹಬ್ಬ, ಇನ್ನೊಬ್ಬರಿಗೆ ಊರ ಜಾತ್ರೆ, ಕೇರಳದವರಿಗೆ ಓಣಂ, ಮತ್ತೊಬ್ಬರಿಗೆ ರಂಜಾನ್. ಮನೆಯಲ್ಲಿ ತೋಟ ಇರುವವರಿಗೆ ನವೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು. ಹಾಸನಾಂಬೆಯ ಗುಡಿ ಬಾಗಿಲು ತೆರೆಯುವ ದಿನಗಳಲ್ಲಿ ಪೇಟೆಯ ರಸ್ತೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ದಿನಗಳಲ್ಲಿ ನಡೆದು ಬರಬಲ್ಲವರನ್ನೇ ಬೆಳಗಿನ ಪಾಳಿಗೆ ಹಾಕಿ. ಜೂನ್‌ನಿಂದ ಡೆಂಗಿ ಜ್ವರದವರು ವಾರ್ಡ್ ತುಂಬುತ್ತಾರೆ, ಆ ಮೂರು ತಿಂಗಳು ದೀರ್ಘ ರಜೆ ಕೊಡಲು ಆಗದು ಎಂಬುದನ್ನೂ ಜನವರಿಯಲ್ಲೇ ಹೇಳಿಬಿಡಿ. ಮೊದಲೇ ಗೊತ್ತಿದ್ದರೆ ಜನ ಹೊಂದಿಕೊಳ್ಳುತ್ತಾರೆ.

ಇನ್ನು ಮಳೆ. ಜುಲೈನಲ್ಲಿ ಚಿಕ್ಕಮಗಳೂರಿನ ಹಾಸ್ಟೆಲ್ ಕೋಣೆಗೆ ಹೋಗಿ ನೋಡಿ: ಕಿಟಕಿ ಸರಳಿನಿಂದ ಮಂಚದ ಕಾಲಿಗೆ ಕಟ್ಟಿದ ಹಗ್ಗ, ಅದರ ಮೇಲೆ ಮೂರು ದಿನದಿಂದ ಒಣಗದ ಯೂನಿಫಾರ್ಮ್, ಕೆಳಗೆ ಹಳೇ ಪೇಪರ್ ತುರುಕಿದ ಬಿಳಿ ಶೂ. ಎರಡು ಜೊತೆ ಬಟ್ಟೆ ಕೊಟ್ಟರೆ ಸಾಲದು, ನಾಲ್ಕು ಬೇಕು. ಒಂದು ಸಣ್ಣ ಕೋಣೆಗೆ ಹೀಟರ್ ಇಟ್ಟು ಬಟ್ಟೆ ಒಣಗಿಸಲು ಬಿಟ್ಟುಕೊಡಿ. ರಾತ್ರಿ ಪಾಳಿಯವರನ್ನೆಲ್ಲ ಒಂದೇ ಕೋಣೆಗೆ ಹಾಕಿ, ಕಿಟಕಿಗೆ ದಪ್ಪ ಪರದೆ ಕಟ್ಟಿಸಿ. ಹಗಲು ಪಾಳಿಯವರ ಜೊತೆ ಸೇರಿಸಿದರೆ ಇಬ್ಬರಿಗೂ ನಿದ್ದೆ ಇಲ್ಲ.

ಸಿಸ್ಟರ್ ಮಾಡಬೇಕಿಲ್ಲದ ಕೆಲಸ

ಮೂರು ದಿನ ಒಂದು ಹಾಳೆ ಹಂಚಿ. ರೋಗಿಯ ಆರೈಕೆಗೆ ಸೇರದ ಕೆಲಸ ಬಂದಾಗಲೆಲ್ಲ ಅದು ಏನು, ಎಷ್ಟು ನಿಮಿಷ ಎಂದು ಬರೆಯಲಿ. ಹೆಸರು ಬೇಡ, ಪಾಳಿ ಸಾಕು. ಔಷಧಿ ಇಂಡೆಂಟ್ ಹಿಡಿದು ಫಾರ್ಮಸಿಗೆ ಓಡಿದ್ದು, ಲ್ಯಾಬ್ ವರದಿ ತರಲು ಕೆಳಗಿಳಿದದ್ದು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾಗದ ಜೋಡಿಸಿದ್ದು, ಹಾಸಿಗೆ ಬಟ್ಟೆ ಎಣಿಸಿದ್ದು, ಸಿಲಿಂಡರ್‌ಗೆ ಫೋನ್ ಮಾಡಿದ್ದು, ಬಿಲ್ ಬಾಕಿ ಕೇಳಲು ಬೆಡ್ ಬೆಡ್ ತಿರುಗಿದ್ದು. ಮೂರು ದಿನದ ನಿಮಿಷ ಕೂಡಿಸಿದ ಮೇಲೆ ಎರಡು ವಾರ್ಡಿಗೆ ಹಗಲು ಹೊತ್ತಿಗೊಬ್ಬ ಕ್ಲರ್ಕ್ ಬೇಕೋ ಬೇಡವೋ ಎಂಬ ವಾದವೇ ಇರುವುದಿಲ್ಲ.

ಇಲ್ಲಿ ಕೆಡುವುದು ಹೀಗೆ: ಕ್ಲರ್ಕ್ ನೇಮಕವಾಗುತ್ತದೆ, ತಿಂಗಳೊಳಗೆ ‘ಎರಡು ದಿನಕ್ಕೆ’ ಎಂದು ಬಿಲ್ಲಿಂಗ್ ಕೌಂಟರಿಗೆ ಎಳೆದುಕೊಳ್ಳುತ್ತಾರೆ, ಮತ್ತೆ ಅವರು ವಾರ್ಡಿಗೆ ಬರುವುದಿಲ್ಲ. ಅವರ ಹಾಜರಿ ಪುಸ್ತಕ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರವೇ ಇರಲಿ.

ಬಿಲ್ ಬಾಕಿಯ ಮಾತು ಸಿಸ್ಟರ್ ಬಾಯಿಂದ ಬರಲೇಬಾರದು. ಮಧ್ಯಾಹ್ನ ದುಡ್ಡು ಕೇಳಿದ ಸಿಸ್ಟರ್ ರಾತ್ರಿ ಇಂಜೆಕ್ಷನ್ ಹಿಡಿದು ಬಂದರೆ ಆ ಮನೆಯವರು ಅವರನ್ನು ನಂಬುವುದಿಲ್ಲ. ಹಾಗೆಯೇ ಕಾಣೆಯಾದ ಥರ್ಮಾಮೀಟರ್, ಒಡೆದ ಬಿಪಿ ಉಪಕರಣದ ದುಡ್ಡನ್ನು ಸಂಬಳದಲ್ಲಿ ಹಿಡಿಯುವುದನ್ನು ಬಿಡಿ. ಒಡೆದ, ಕಾಣೆಯಾದ ವಸ್ತುಗಳಿಗೆಂದೇ ಒಂದು ಪುಸ್ತಕ ಇಟ್ಟು ಬರೆಸಿ. ನೂರಿನ್ನೂರು ರೂಪಾಯಿ ಕಡಿತ ಮಾಡಿದ ತಿಂಗಳು ನೊಂದು ಬಿಟ್ಟುಹೋಗುವವರು, ಎರಡು ಸಾವಿರ ಕಡಿಮೆ ಸಂಬಳಕ್ಕೆ ವರ್ಷಗಟ್ಟಲೆ ದುಡಿದವರೇ ಆಗಿರುತ್ತಾರೆ.

ರೌಂಡ್ಸ್ ಮತ್ತು ರಾತ್ರಿಯ ಫೋನ್ ಆರ್ಡರ್

ಬೆಳಗಿನ ಪಾಳಿ 2ಕ್ಕೆ ಮುಗಿಯಬೇಕು. ಡಾಕ್ಟರ್ 1.40ಕ್ಕೆ ರೌಂಡ್ಸ್‌ಗೆ ಬರುತ್ತಾರೆ. ಹನ್ನೊಂದು ಕೇಸ್ ಶೀಟ್‌ನಲ್ಲಿ ಹೊಸ ಆರ್ಡರ್, ನಾಲ್ಕು ಡಿಸ್ಚಾರ್ಜ್. ಹೋಗಬೇಕಾದವರು ಹೋಗುವಂತಿಲ್ಲ, ಬಂದವರಿಗೆ ಯಾವುದು ಆಗಿದೆ ಯಾವುದು ಆಗಿಲ್ಲ ಗೊತ್ತಿಲ್ಲ. ಹೀಗೆ ದಿನಕ್ಕೆ ಅರ್ಧ ಗಂಟೆ ಹೆಚ್ಚಾದರೆ 26 ದಿನಕ್ಕೆ 13 ಗಂಟೆ, ಅಂದರೆ ಒಂದು ಪೂರ್ತಿ ರಾತ್ರಿ ಪಾಳಿಗಿಂತ ಹೆಚ್ಚು ಪುಕ್ಕಟೆ ದುಡಿಮೆ. ರೌಂಡ್ಸ್ 11ರೊಳಗೆ ಆಗಲಿ. 1.30ರ ನಂತರ ಬರೆದ ಆರ್ಡರ್, ತುರ್ತಿನದ್ದು ಬಿಟ್ಟು, ಮುಂದಿನ ಪಾಳಿಗೆ ಸೇರುತ್ತದೆ ಎಂದು ಆಡಳಿತವೇ ಸುತ್ತೋಲೆ ಹೊರಡಿಸಲಿ. ಈ ಮಾತನ್ನು ಡಾಕ್ಟರಿಗೆ ಹೇಳುವ ಭಾರ ಸ್ಟಾಫ್ ನರ್ಸ್ ತಲೆಗೆ ಬರಬಾರದು.

ರಾತ್ರಿಯ ಫೋನ್ ಆರ್ಡರ್ ಇನ್ನೂ ಸೂಕ್ಷ್ಮ. ಡಾಕ್ಟರ್ ನಿದ್ದೆಗಣ್ಣಿನಲ್ಲಿ ಔಷಧಿ ಹೇಳುತ್ತಾರೆ, ಸಿಸ್ಟರ್ ಕೊಡುತ್ತಾರೆ, ಏನಾದರೂ ಹೆಚ್ಚುಕಡಿಮೆಯಾದರೆ ಬೆಳಿಗ್ಗೆ ‘ನಾನು ಹಾಗೆ ಹೇಳಿಲ್ಲ’ ಎಂಬ ಮಾತು ಬರುತ್ತದೆ. ಒಂದು ಸಲ ಹೀಗಾದರೆ ಸಾಕು, ಆ ಸಿಸ್ಟರ್ ರಾತ್ರಿ ಪಾಳಿಗೆ ನಡುಗುತ್ತಾ ಬರುತ್ತಾರೆ, ಆರು ತಿಂಗಳಲ್ಲಿ ಬಿಡುತ್ತಾರೆ. ಇದಕ್ಕೆ ಪುಟ ಸಂಖ್ಯೆ ಹಾಕಿದ ಒಂದು ಫೋನ್ ಆರ್ಡರ್ ಪುಸ್ತಕ ಬೇಕು. ದಾಖಲೆ ಹೀಗಿರಲಿ: ರಾತ್ರಿ 2.10, ಬೆಡ್ 14, ರೋಗಿಯ ಹೆಸರು, ಜ್ವರ 103, ಡಾಕ್ಟರ್ ಹೆಸರು, ಪ್ಯಾರಾಸಿಟಮಾಲ್ 1 ಗ್ರಾಂ ಐವಿ, 15 ನಿಮಿಷದಲ್ಲಿ, ತಿರುಗಿ ಓದಿ ಹೇಳಲಾಗಿದೆ, ಡಾಕ್ಟರ್ ಒಪ್ಪಿದ್ದಾರೆ, ಸಹಿ. ಎರಡನೇ ಸಿಸ್ಟರ್ ಫೋನ್ ಸ್ಪೀಕರಿನಲ್ಲಿ ಕೇಳಿಸಿಕೊಂಡು ತಾವೂ ಸಹಿ ಮಾಡಲಿ. ಡಾಕ್ಟರ್ ಮಾರನೇ ದಿನದ ರೌಂಡ್ಸ್‌ನಲ್ಲಿ ಮೊದಲು ಇದಕ್ಕೆ ಸಹಿ ಹಾಕಬೇಕು. ಪೊಟ್ಯಾಸಿಯಂ ಕ್ಲೋರೈಡ್, ಹೆಪಾರಿನ್, ಇನ್ಸುಲಿನ್ ಡ್ರಿಪ್ ಮುಂತಾದ ಹೆಚ್ಚು ಅಪಾಯದ ಔಷಧಿಗಳನ್ನು ಫೋನಿನಲ್ಲಿ ಶುರುಮಾಡಿಸುವಂತಿಲ್ಲ, ಡಾಕ್ಟರ್ ಬಂದೇ ಬರೆಯಬೇಕು.

ಬೈಗುಳದ ವಿಷಯ ಚಿಕ್ಕದಾಗಿ ಹೇಳಿದರೂ ಚಿಕ್ಕದಲ್ಲ. ರೋಗಿಯ ಮುಂದೆ, ಆಯಾ ಮುಂದೆ ‘ಏನೇ, ತಲೆ ಇದೆಯಾ’ ಅನ್ನಿಸಿಕೊಂಡ ಸಿಸ್ಟರ್ ಮಾತನ್ನು ಆ ವಾರ್ಡಿನಲ್ಲಿ ಮತ್ತೆ ಯಾರೂ ಕೇಳುವುದಿಲ್ಲ. ತಪ್ಪಾಗಿದ್ದರೆ ಡ್ಯೂಟಿ ರೂಮಿಗೆ ಕರೆದು ಹೇಳಲಿ, ‘ನೀವು’ ಎಂದೇ ಹೇಳಲಿ.

ಮೈಮೇಲೆ ಬರುವ ಅಪಾಯ

ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಅಪಘಾತವಾದರೆ ಗಾಯಾಳುವಿನ ಹಿಂದೆ ಮೂವತ್ತು ಜನ ಬರುತ್ತಾರೆ. ಆ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಸೆಕ್ಯುರಿಟಿ, ಒಬ್ಬರಿಗೇ ಒಳಗೆ ಬಿಡುವ ಪಾಸ್, ಡ್ಯೂಟಿ ರೂಮಿಗೆ ಒಳಗಿನಿಂದ ಚಿಲಕ, 112ಕ್ಕೆ ಯಾರು ಕರೆ ಮಾಡಬೇಕು ಎಂಬ ಹೆಸರು, ಇವು ಮೊದಲೇ ಗೊತ್ತಿರಬೇಕು. ಸಾವಿನ ಸುದ್ದಿ ಡಾಕ್ಟರೇ ಹೇಳಬೇಕು. ಸಿಬ್ಬಂದಿಯ ಮೇಲಿನ ಹಲ್ಲೆಗೆಂದೇ ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ. ದೂರು ಕೊಡುವುದು ಆಸ್ಪತ್ರೆಯ ಹೆಸರಿನಲ್ಲಾಗಲಿ, ಏಟು ತಿಂದ ಸಿಸ್ಟರ್ ಒಬ್ಬರೇ ಠಾಣೆಯ ಬೆಂಚಿನ ಮೇಲೆ ಕೂರುವಂತಾಗಬಾರದು.

ಸೂಜಿ ಚುಚ್ಚಿದರೆ: ಸೋಪು ನೀರಿನಲ್ಲಿ ತೊಳೆಯಬೇಕು, ಹಿಂಡಬಾರದು, ಸ್ಪಿರಿಟ್ ಸುರಿಯಬಾರದು. ಕೂಡಲೇ ವರದಿ ಮಾಡಬೇಕು. ಆ ರೋಗಿಯ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಆಗಬೇಕು. ಎಚ್‌ಐವಿ ತಡೆ ಔಷಧಿ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ನುಂಗಬೇಕು. ಹತ್ತಿರದ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರದ ನಂಬರ್ ಗೋಡೆಯ ಮೇಲಿರಲಿ. ಸೇರಿದ ದಿನವೇ ಹೆಪಟೈಟಿಸ್ ಬಿ ಲಸಿಕೆ ಶುರುಮಾಡಿ: 0, 1, 6ನೇ ತಿಂಗಳು, ಮೂರನೆಯದಾದ ಒಂದೆರಡು ತಿಂಗಳಿಗೆ ಲಸಿಕೆ ಹಿಡಿದಿದೆಯೇ ಎಂದು ನೋಡುವ ಟೈಟರ್ ಎಂಬ ರಕ್ತ ಪರೀಕ್ಷೆ, 10 ಅಥವಾ ಮೇಲಿದ್ದರೆ ಸರಿ. ಖರ್ಚು ಆಸ್ಪತ್ರೆಯದ್ದು.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಕಡ್ಡಾಯ, 2013ರ ಕಾಯ್ದೆ ಹಾಗೆನ್ನುತ್ತದೆ. ಅದರ ಹೆಸರುಗಳು ಗೋಡೆಯ ಮೇಲಿದ್ದರೂ ಕಷ್ಟವಿರುವುದು ಬೇರೆ ಕಡೆ: ದೂರು ಇರುವುದು ಹೆಚ್ಚು ರೋಗಿಗಳನ್ನು ಕರೆತರುವ ಸಂದರ್ಶಕ ವೈದ್ಯರ ಮೇಲಾದರೆ ಆಡಳಿತ ಕಣ್ಣು ಮುಚ್ಚುತ್ತದೆ, ಸಿಸ್ಟರನ್ನು ಬೇರೆ ವಾರ್ಡಿಗೆ ಹಾಕುತ್ತದೆ. ಇಡೀ ಹಾಸ್ಟೆಲಿಗೆ ಅದು ಅವತ್ತೇ ಗೊತ್ತಾಗುತ್ತದೆ. ಜಾಗ ಬದಲಾಯಿಸುವುದಿದ್ದರೆ ದೂರಿಗೆ ಗುರಿಯಾದವರದ್ದು ಬದಲಾಯಿಸಿ.

ಸಂಬಳ

ಸುಪ್ರೀಂ ಕೋರ್ಟ್ ಆದೇಶದಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ 2016ರಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಒಂದು ಅಳತೆ ಕೊಟ್ಟಿದೆ. 200ಕ್ಕಿಂತ ಹೆಚ್ಚು ಬೆಡ್ ಇದ್ದರೆ ರಾಜ್ಯ ಸರ್ಕಾರಿ ನರ್ಸ್‌ಗಳಿಗೆ ಸಮ. 100ರಿಂದ 200 ಇದ್ದರೆ ಆ ಸರ್ಕಾರಿ ಸಂಬಳಕ್ಕಿಂತ ಕಡಿಮೆಯಾಗುವುದು ಶೇ 10ನ್ನು ಮೀರಬಾರದು. 50ರಿಂದ 100 ಇದ್ದರೆ ಶೇ 25ನ್ನು. 50ಕ್ಕಿಂತ ಕಡಿಮೆ ಬೆಡ್ ಇದ್ದರೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು. ಅದು ಆಗಿನ ಬೆಲೆಯಲ್ಲಿ ಹೇಳಿದ 20,000. ಪಿಎಫ್ ಲೆಕ್ಕಕ್ಕೆ 15,000 ಹಿಡಿದರೆ ಶೇ 12ರಂತೆ 1,800, ಇಎಸ್‌ಐ ಶೇ 0.75ರಂತೆ 150 ಹೋಗಿ ಕೈಗೆ ಬರುವುದು 18,050.

ಮೊತ್ತಕ್ಕಿಂತ ಹೆಚ್ಚು ನೋಯಿಸುವುದು ಮೂರು ಸಂಗತಿ. ಸಂಬಳ 5ನೇ ತಾರೀಕಿನ ಬದಲು 18ಕ್ಕೆ ಬರುವುದು. ಪಿಎಫ್ ಎಂದು ಹಿಡಿದ ದುಡ್ಡು ಜಮೆಯಾಗದಿರುವುದು. ಇವತ್ತು ಮೊಬೈಲಿನಲ್ಲೇ ಯುಎಎನ್ ಪಾಸ್‌ಬುಕ್ ನೋಡುತ್ತಾರೆ, ಮುಚ್ಚಿಡಲಾಗದು. ನಾಲ್ಕು ವರ್ಷ ದುಡಿದವರಿಗಿಂತ ನಿನ್ನೆ ಸೇರಿದವರಿಗೆ ಹೆಚ್ಚು ಕೊಡುವುದು. ಕೊನೆಯದನ್ನು ತಪ್ಪಿಸಲು ಅನುಭವದ ವರ್ಷಕ್ಕೆ ಇಷ್ಟು, ಐಸಿಯು, ಓಟಿ, ಡಯಾಲಿಸಿಸ್‌ಗೆ ಹೆಚ್ಚುವರಿ ಇಷ್ಟು, ರಾತ್ರಿಗೆ ಇಷ್ಟು ಎಂಬ ಒಂದು ಪಟ್ಟಿ ಮಾಡಿ ಎಲ್ಲರಿಗೂ ತೋರಿಸಿ. ಹೊಸಬರಿಗೆ ಹೆಚ್ಚು ಕೊಡಲೇಬೇಕಾದರೆ ಅದೇ ದಿನ ಹಳಬರದ್ದನ್ನೂ ಏರಿಸಿ.

ಕೂತು ಮಾತಾಡುವಾಗ

ಆಡಳಿತಾಧಿಕಾರಿಯ ಕೋಣೆಗೆ ಕರೆಸಿ ‘ಏನಾದರೂ ತೊಂದರೆ ಇದೆಯಾ?’ ಎಂದರೆ ‘ಏನಿಲ್ಲ ಸರ್’ ಎಂಬ ಉತ್ತರವೇ ಬರುವುದು. ಪಾಳಿ ಮುಗಿದ ಮೇಲೆ ಕರೆಯಬೇಡಿ, ಬಸ್ಸಿನ ಕಡೆಗೇ ಅವರ ಗಮನ. ಡ್ಯೂಟಿ ಹೊತ್ತಿನಲ್ಲೇ 20 ನಿಮಿಷ ಬಿಡಿಸಿ, ಬದಲಿಗೆ ಒಬ್ಬರನ್ನು ವಾರ್ಡಿನಲ್ಲಿ ನಿಲ್ಲಿಸಿ, ಅವರ ಇನ್‌ಚಾರ್ಜ್ ಇಲ್ಲದ ಜಾಗದಲ್ಲಿ ಕೂತುಕೊಳ್ಳಿ. ಹೀಗೆ ಕೇಳಿ: ‘ಸಿಸ್ಟರ್, ಹೋದ ತಿಂಗಳು ಯಾವ ದಿನ ಮನೆಗೆ ಹೋಗುವಾಗ ಇನ್ನು ಸಾಕಪ್ಪ ಅನ್ನಿಸಿತು? ಅವತ್ತು ಏನಾಗಿತ್ತು?’

ತಾರೀಕು ಸಿಕ್ಕಿತೋ ಅರ್ಧ ಕೆಲಸ ಆಯಿತು. ಆ ದಿನದ ಡ್ಯೂಟಿ ಪಟ್ಟಿ, ಎಷ್ಟು ಅಡ್ಮಿಷನ್, ಎಷ್ಟು ಡಿಸ್ಚಾರ್ಜ್, ಯಾರು ಗೈರು ಎಂದು ತೆಗೆದು ನೋಡಿ. ‘ಎಲ್ಲ ಸರಿ ಇದೆ’ ಅನ್ನುವವರಿಗೆ ಇನ್ನೊಂದು ಪ್ರಶ್ನೆ: ‘ನಿಮ್ಮ ತಂಗಿ ನರ್ಸಿಂಗ್ ಮುಗಿಸಿದರೆ ಇಲ್ಲಿಗೇ ಸೇರಿಸುತ್ತೀರಾ?’ ಕೇಳಿದ್ದರಲ್ಲಿ ಒಂದನ್ನಾದರೂ ಹದಿನೈದು ದಿನದೊಳಗೆ ಸರಿಪಡಿಸಿ, ಶೌಚಾಲಯದ ಮುರಿದ ಚಿಲಕವಾದರೂ ಸರಿ. ಕೇಳಿ ಸುಮ್ಮನಾಗುವುದಾದರೆ ಕೇಳದಿರುವುದೇ ಮೇಲು, ಎರಡನೇ ಸಲ ಯಾರೂ ಬಾಯಿ ಬಿಡುವುದಿಲ್ಲ.

ಹೊಸದಾಗಿ ಸೇರಿದವರ ಜೊತೆ ಈ ಮಾತು 2ನೇ ವಾರ, 6ನೇ ವಾರ, 3ನೇ ತಿಂಗಳು ನಡೆಯಲಿ. ಬಿಎಸ್‌ಸಿ ನರ್ಸಿಂಗ್ ಅಥವಾ ಜಿಎನ್‌ಎಂ ಡಿಪ್ಲೊಮಾ ಮುಗಿಸಿ ಬಂದವರನ್ನು ಮೊದಲ ವಾರವೇ ಐಸಿಯುನಲ್ಲಿ ಒಂಟಿಯಾಗಿ ನಿಲ್ಲಿಸುವುದರಿಂದ ಬಹಳ ಜನ ಮೂರು ತಿಂಗಳೊಳಗೆ ಓಡುತ್ತಾರೆ. ನಾಲ್ಕು ವಾರ ಹಿರಿಯರೊಬ್ಬರ ಜೊತೆಗೇ ಇರಲಿ, ಅದೇ ಹಿರಿಯರ ಪಾಳಿಯೇ ಅವರದ್ದೂ ಆಗಲಿ. ಎಂಟು ವಾರ ಮುಗಿಯುವವರೆಗೆ ರಾತ್ರಿ ವಾರ್ಡನ್ನು ಅವರ ಮೇಲೆ ಬಿಡಬೇಡಿ. ಆ ಹಿರಿಯರಿಗೆ ಆ ತಿಂಗಳು ಎರಡು ಬೆಡ್ ಕಡಿಮೆ ಕೊಡಿ.

ಹೋಗುವವರು ಹೋಗಲಿ

ಸರ್ಕಾರಿ ಹುದ್ದೆ ಸಿಕ್ಕವರನ್ನು, ಗಲ್ಫ್‌ಗೋ ಜರ್ಮನಿಗೋ ಹೊರಟವರನ್ನು, ಗಂಡನ ಊರಿಗೆ ಹೋಗುವವರನ್ನು ತಡೆಯಲಾಗದು. ಜರ್ಮನ್ ಕಲಿಯುತ್ತಿದ್ದಾರೆ ಎಂದು ತಿಳಿದ ಕೂಡಲೇ ಕೆಟ್ಟ ಪಾಳಿ ಹಾಕುವುದರಿಂದ ಅವರು ಬೇಗ ಹೋಗುತ್ತಾರೆ, ನೋಡುತ್ತಿರುವ ಉಳಿದವರೂ ಮನಸ್ಸು ಮಾಡುತ್ತಾರೆ. ಪರೀಕ್ಷೆಯ ದಿನ ರಜೆ ಕೊಟ್ಟರೆ, ಯಾವ ತಿಂಗಳು ಹೊರಡುತ್ತೇನೆಂದು ಅವರೇ ಮೊದಲೇ ಹೇಳುತ್ತಾರೆ, ಬದಲಿ ಹುಡುಕಲು ನಿಮಗೆ ಸಮಯ ಸಿಗುತ್ತದೆ.

ಮೂಲ ಪ್ರಮಾಣಪತ್ರಗಳನ್ನು ಸೇರುವಾಗ ಪರಿಶೀಲಿಸಿ ಅವತ್ತೇ ವಾಪಸ್ ಕೊಡಿ. ಅವನ್ನು ಕಪಾಟಿನಲ್ಲಿ ಇಟ್ಟುಕೊಂಡು ಜನರನ್ನು ಹಿಡಿದಿಡುವ ಆಸ್ಪತ್ರೆಯ ಹೆಸರು ನರ್ಸಿಂಗ್ ಕಾಲೇಜಿನ ಕೊನೆಯ ವರ್ಷದ ಮಕ್ಕಳಿಗೂ ಗೊತ್ತಿರುತ್ತದೆ, ಅಲ್ಲಿಗೆ ಬೇರೆಲ್ಲೂ ಸಿಗದವರು ಮಾತ್ರ ಅರ್ಜಿ ಹಾಕುತ್ತಾರೆ. ಕೊನೆಯ ದಿನವೇ ಬಿಡುಗಡೆ ಪತ್ರ ಮತ್ತು ಅನುಭವ ಪತ್ರ ಕೈಗೆ ಕೊಡಿ. ಅನುಭವ ಪತ್ರದಲ್ಲಿ ಸೇರಿದ ಮತ್ತು ಬಿಟ್ಟ ತಾರೀಕು, ಹುದ್ದೆ, ಕೆಲಸ ಮಾಡಿದ ವಾರ್ಡ್‌ಗಳು, ಯಾವ ವಾರ್ಡಿನಲ್ಲಿ ಎಷ್ಟು ತಿಂಗಳು, ಆಸ್ಪತ್ರೆಯ ಒಟ್ಟು ಬೆಡ್ ಸಂಖ್ಯೆ, ಪೂರ್ಣಾವಧಿ ಕೆಲಸ ಎಂಬ ಮಾತು ಇರಲಿ. ಹೊರದೇಶದ ಏಜೆನ್ಸಿಗಳು ಇವನ್ನೇ ಕೇಳುತ್ತವೆ. ಪಿಎಫ್ ಖಾತೆಯಲ್ಲಿ ಬಿಟ್ಟ ತಾರೀಕು ನಮೂದಿಸದಿದ್ದರೆ ಅವರ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ, ಅದನ್ನೂ ಆ ತಿಂಗಳೇ ಮುಗಿಸಿ. ಪರಿಶೀಲನೆಗೆ ಇಮೇಲ್ ಬಂದರೆ ಮೂರು ದಿನದೊಳಗೆ ಉತ್ತರಿಸುವ ಹೊಣೆ ಒಬ್ಬರ ಹೆಸರಿಗೆ ಇರಲಿ.

ಬೆಂಗಳೂರಿಗೆ ಹೋದವರು ಎರಡು ಮೂರು ವರ್ಷಕ್ಕೆ ಮಗು, ಅಪ್ಪ ಅಮ್ಮ ಎಂದು ಊರಿಗೆ ಮರಳುವುದುಂಟು. ಅಂಥವರು ಕೇಳಿಕೊಂಡು ಬಂದರೆ ಹೊಸಬರ ಸಂಬಳಕ್ಕೆ ಇಳಿಸಬೇಡಿ, ಹಳೆಯ ವರ್ಷಗಳನ್ನೂ ಹೊರಗಿನ ಅನುಭವವನ್ನೂ ಸೇರಿಸಿ ಪಟ್ಟಿಯ ಪ್ರಕಾರ ಕೊಡಿ. ಮಗು ಚಿಕ್ಕದಿದ್ದರೆ ಮೊದಲ ಆರು ತಿಂಗಳು ಬೆಳಗಿನ ಪಾಳಿ ಮಾತ್ರ ಎಂದು ನೇಮಕ ಪತ್ರದಲ್ಲೇ ಬರೆಯಿರಿ, ಏಳನೇ ತಿಂಗಳಿಂದ ಎಷ್ಟು ರಾತ್ರಿ ಎಂಬುದನ್ನೂ ಅದರಲ್ಲೇ ನಮೂದಿಸಿ.